ಗುಳ್ಳೆ ನಿಂತರೂ ಪೆಡಲ್ ಗಟ್ಟಿಯಾಗಲಿಲ್ಲ

ಪ್ರಶ್ನೆ: ನಮ್ಮದು ಹನ್ನೊಂದು ವರ್ಷದ ಹಳೆ ಕಾರು. ಮುಂದೆ ಡಿಸ್ಕ್, ಹಿಂದೆ ಡ್ರಮ್. ಮುಂದಿನ ಎರಡೂ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಅದುಮುವ ಭಾಗ) ಜಾಮ್ ಆಗಿದ್ದವು. ಹುಬ್ಬಳ್ಳಿಯಿಂದ ಹೊಸವು ತಂದು ಮನೆ ಮುಂದೆ ನಾನೇ ಹಾಕಿದೆ, ಪ್ಯಾಡ್ ಮತ್ತು ಬ್ರೇಕ್ ಆಯಿಲ್ ಕೂಡ ಹೊಸದು. ಮಗ ಪೆಡಲ್ ಒತ್ತಿದ, ನಾನು ನಿಪ್ಪಲ್ ಬಿಚ್ಚಿ ಏರ್ ತೆಗೆದೆ. ಒಂದಲ್ಲ, ಮೂರು ಸಲ. ಈಗ ಗುಳ್ಳೆ ಬರುವುದು ನಿಂತಿದೆ. ಆದರೂ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ, ಎರಡು-ಮೂರು ಸಲ ಒತ್ತಿದರೆ ಮೇಲೆ ಬರುತ್ತದೆ. ಎಲ್ಲೂ ಸೋರಿಕೆ ಇಲ್ಲ. ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಭಾಗ) ಹೋಗಿದೆ, ಬದಲಿಸಿ ಅಂತ ಪರಿಚಯದ ಮಿಸ್ತ್ರಿ ಹೇಳುತ್ತಾರೆ. ಬದಲಿಸಲೇ?
– ಗದಗ-ಬೆಟಗೇರಿಯ ಓದುಗರು

ಉತ್ತರ: ತಡೀರಿ, ಈಗಲೇ ದುಡ್ಡು ಹಾಕಬೇಡಿ. ಮೊದಲು ಕಾರಿನ ಪಕ್ಕ ಕೂತು ಒಂದು ವಿಷಯ ನೋಡಿ ಹೇಳಿ. ಹೊಸ ಕ್ಯಾಲಿಪರ್‌ನಲ್ಲಿ ಏರ್ ತೆಗೆಯುವ ನಿಪ್ಪಲ್ ಮೇಲಿದೆಯೋ, ಕೆಳಗಿದೆಯೋ?

ಯಾಕೆ ಕೇಳ್ತಿದ್ದೀನಿ ಅಂದರೆ ಎಡ ಮತ್ತು ಬಲದ ಕ್ಯಾಲಿಪರ್‌ಗಳು ನೋಡೋಕೆ ಅಣ್ಣ-ತಮ್ಮ ಇದ್ದ ಹಾಗೆ ಇರುತ್ತವೆ. ಎಷ್ಟೋ ಕಾರುಗಳಲ್ಲಿ ಎಡದ್ದು ಬಲಕ್ಕೂ ಸರಿಯಾಗಿಯೇ ಕೂರುತ್ತದೆ, ಬೋಲ್ಟೂ ಹತ್ತುತ್ತದೆ, ಬ್ರೇಕೂ ಅಷ್ಟಿಷ್ಟು ಹಿಡಿಯುತ್ತದೆ. ಆದರೆ ಅದಲು ಬದಲಾದರೆ ನಿಪ್ಪಲ್ ಕೆಳಗೆ ಬರುತ್ತದೆ. ಹೊಲದಲ್ಲಿ ಪೈಪ್‌ಲೈನ್ ಗಾಳಿ ಹಿಡಿಯೋದು ನಿಮಗೆ ಗೊತ್ತೇ ಇರುತ್ತದೆ, ಪೈಪು ಎಲ್ಲಿ ಎತ್ತರಕ್ಕೆ ಹೋಗಿದೆಯೋ ಅಲ್ಲಿ ಗಾಳಿ ಕೂರುತ್ತದೆ, ತಗ್ಗಿನಲ್ಲಿ ವಾಲ್ವ್ ಬಿಚ್ಚಿದರೆ ಬರೀ ನೀರೇ ಬರೋದು. ಇಲ್ಲೂ ಹಾಗೇ. ನಿಪ್ಪಲ್ ಕೆಳಗಿದ್ದರೆ ಶುದ್ಧ ಆಯಿಲ್ ಬರುತ್ತದೆ, ಗುಳ್ಳೆ ಬರುವುದಿಲ್ಲ, ನೀವು ಕೆಲಸ ಮುಗಿಯಿತು ಅಂದುಕೊಳ್ಳುತ್ತೀರಿ. ಗಾಳಿ ಮಾತ್ರ ಪಿಸ್ಟನ್ ಮೇಲುಗಡೆ ಆರಾಮಾಗಿ ಕೂತಿರುತ್ತದೆ. ಆಯಿಲ್ ಅದುಮಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೆಡಲ್ ಮೆತ್ತಗಾಗೋಕೆ ಅಷ್ಟು ಸಾಕು.

ನನಗೆ ಇದು ಹೇಗೆ ಗೊತ್ತು ಅಂತೀರಾ? ಒಂದು ಸಲ ನವನಗರದ ಮನೆ ಮುಂದೆ ಇಡೀ ಭಾನುವಾರ ಕೂತು ಒಂದು ಲೀಟರ್ ಆಯಿಲ್ ಖಾಲಿ ಮಾಡಿದ್ದೆ. ಮರುದಿನ ಹಳೆ ಮಿಸ್ತ್ರಿಯೊಬ್ಬರು ಬಂದು, ಕೈ ಕೂಡ ಹಚ್ಚದೆ, ಬಗ್ಗಿ ನೋಡಿ, ‘ಸಾಹೇಬ್ರ, ನಿಪ್ಪಲ್ ನೆಲಾ ನೋಡಾಕತ್ತೈತಲ್ರೀ’ ಅಂದರು. ಅಷ್ಟೇ. ಚಹಾ ಕುಡಿದು ಹೋದರು.

ಹಾಗಾಗಿದ್ದರೆ ಎರಡನ್ನೂ ಬಿಚ್ಚಿ ಅದಲು ಬದಲು ಮಾಡಿ. ಹೋಸ್ ಬೋಲ್ಟಿನ ಎರಡೂ ಬದಿ ಹೊಸ ತಾಮ್ರದ ವಾಷರ್ ಹಾಕಿ, ಹಳೆಯದನ್ನೇ ಬಿಗಿದರೆ ಸೋರುತ್ತದೆ. ಹೋಸ್ ತಿರುಚಿಕೊಳ್ಳದ ಹಾಗೆ ನೋಡಿಕೊಳ್ಳಿ.

ನಿಪ್ಪಲ್ ಮೇಲೇ ಇದೆಯಾ? ಆಗ ಏರ್ ತೆಗೆದ ರೀತಿ ನೋಡಬೇಕು. ಅಪ್ಪ ಕೆಳಗೆ, ಮಗ ಸೀಟಿನಲ್ಲಿ, ಮಧ್ಯೆ ಮಾತು ಸರಿಯಾಗಿ ಕೇಳದೆ ಜಾಸ್ತಿ ಎಡವಟ್ಟಾಗೋದು ಇಲ್ಲೇ. ಮಗ ಪೆಡಲ್ ಒತ್ತಿ ‘ಹಿಡಿದೀನಿ’ ಅನ್ನಬೇಕು, ಆಮೇಲೆ ನೀವು ನಿಪ್ಪಲ್ ಕಾಲು ಸುತ್ತು ಬಿಚ್ಚಬೇಕು, ಮುಚ್ಚಿ ‘ಬಿಡು’ ಅಂದ ಮೇಲೆ ಮಾತ್ರ ಅವನು ಕಾಲು ತೆಗೆಯಬೇಕು. ನಿಪ್ಪಲ್ ತೆರೆದಿರುವಾಗ ಕಾಲು ತೆಗೆದರೆ ಹೊರಗಿನ ಗಾಳಿಯನ್ನೇ ಒಳಗೆ ಎಳೆದುಕೊಂಡ ಹಾಗೆ. ನಿಪ್ಪಲ್‌ಗೆ ಪಾರದರ್ಶಕ ಪೈಪ್ ಹಾಕಿ, ಅದರ ತುದಿ ಬಾಟಲಿಯಲ್ಲಿನ ಆಯಿಲ್‌ನಲ್ಲಿ ಮುಳುಗಿರಲಿ. ಮೇಲಿನ ಡಬ್ಬಿಯಲ್ಲಿ ಆಯಿಲ್ ಕೆಳಗಿನ ಗೆರೆಗಿಂತ ಇಳಿಯಬಾರದು, ಒಂದು ಸಲ ಖಾಲಿಯಾದರೆ ಮತ್ತೆ ಮೊದಲಿನಿಂದ. ಪೆಡಲ್ ಕೆಳಗೆ ಒಂದು ಕಟ್ಟಿಗೆ ತುಂಡು ಇಡಿ, ಪೂರ್ತಿ ನೆಲಕ್ಕೆ ಹೋಗಬಾರದು. ಹಳೆ ಮಾಸ್ಟರ್ ಸಿಲಿಂಡರ್ ಒಳಗೆ ದಿನಾ ಓಡಾಡದ ಜಾಗದಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ರಬ್ಬರ್ ಸೀಲ್ ಅದರ ಮೇಲೆ ಉಜ್ಜಿದರೆ ಹರಿಯುತ್ತದೆ, ಆಗ ಮಿಸ್ತ್ರಿ ಹೇಳಿದ್ದೇ ನಿಜವಾಗಿಬಿಡುತ್ತದೆ!

ಏರ್ ತೆಗೆಯೋದನ್ನು ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರ್‌ಗೆ ದೂರದ ಚಕ್ರದಿಂದ ಶುರು ಮಾಡುತ್ತಾರೆ. ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕೆ, ಹಾಗಾಗಿ ಹಿಂದಿನ ಎಡ ಚಕ್ರ ಮೊದಲು. ಕೆಲವು ಕಾರಿಗೆ ಕ್ರಮ ಬೇರೆ ಇರುತ್ತದೆ, ಕಂಪನಿಯ ಪುಸ್ತಕ ನೋಡಿ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಅದರ ಘಟಕದೊಳಗೇ ಗಾಳಿ ಸಿಕ್ಕಿಕೊಂಡರೆ ಮನೆಯಲ್ಲಿ ಎಷ್ಟು ಒತ್ತಿದರೂ ಬರುವುದಿಲ್ಲ, ಸ್ಕ್ಯಾನರ್ ಇರುವ ಗ್ಯಾರೇಜ್ ಬೇಕು.

ಎರಡು-ಮೂರು ಸಲ ಒತ್ತಿದರೆ ಮೇಲೆ ಬರುತ್ತದೆ ಅಂತ ಬರೆದಿದ್ದೀರಲ್ಲ, ಹಿಂದಿನ ಡ್ರಮ್ ಮೇಲೂ ನನಗೆ ಅನುಮಾನ. ಡ್ರಮ್‌ಗೆ ಉಜ್ಜಿ ಚಕ್ರ ನಿಲ್ಲಿಸುವ ಲೈನರ್ ಸವೆದು ಅದರಿಂದ ದೂರ ಸರಿದಿದ್ದರೆ ಮೊದಲ ಒತ್ತು ಅಂತರ ತುಂಬುವುದರಲ್ಲೇ ಹೋಗುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು ಪೆಡಲ್ ಒತ್ತಿ ನೋಡಿ. ತಟ್ಟನೆ ಎತ್ತರಕ್ಕೆ ಬಂದರೆ ಹಿಂದೆ ಅಡ್ಜಸ್ಟ್ ಮಾಡಬೇಕು ಅಂತಲೇ ಅರ್ಥ. ತಾನೇ ಅಡ್ಜಸ್ಟ್ ಆಗುವ ಕಡ್ಡಿ ಧೂಳಿಗೆ ಹಿಡಿದುಕೊಂಡಿರುತ್ತದೆ, ನಮ್ಮ ಎರಿ ಮಣ್ಣಿನ ಧೂಳು ಕೇಳಬೇಕೇ.

ಇನ್ನು ಮಾಸ್ಟರ್ ಸಿಲಿಂಡರ್. ಪರೀಕ್ಷೆಗೆ ಪೈಸೆ ಖರ್ಚಿಲ್ಲ. ಎಂಜಿನ್ ಬಂದ್ ಮಾಡಿ ನಾಲ್ಕೈದು ಸಲ ಪೆಡಲ್ ಒತ್ತಿ, ಗಟ್ಟಿಯಾದ ಮೇಲೆ ಒಂದೇ ಸಮ ಒತ್ತಿ ಒಂದು ನಿಮಿಷ ಹಿಡಿಯಿರಿ. ಎಲ್ಲೂ ಸೋರಿಕೆ ಇಲ್ಲದೆಯೂ ಕಾಲು ಮೆಲ್ಲಗೆ ಕೆಳಗಿಳಿದರೆ ಒಳಗಿನ ಸೀಲ್ ಹೋಗಿದೆ, ಬದಲಿಸಿ. ಮೆತ್ತಗಿದ್ದರೂ ಅಲ್ಲೇ ನಿಂತರೆ ಅದರ ತಪ್ಪಲ್ಲ, ಗಾಳಿಯದೋ ಅಂತರದ್ದೋ.

ಗಾಳಿ ಪೂರ್ತಿ ಹೋದ ಮೇಲೂ ತುಸು ಮೆತ್ತಗೆ ಅನ್ನಿಸಬಹುದು. ಹೊಸ ಪ್ಯಾಡ್ ಹಳೆ ಡಿಸ್ಕಿಗೆ ಒಗ್ಗಬೇಕು. ಬೆಳಿಗ್ಗೆ ಬೇಗ ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ ಇಳಿಸುವುದು, ನಿಲ್ಲಿಸದೆ ಮತ್ತೆ ಏರಿಸುವುದು, ಹೀಗೆ ಎಂಟು-ಹತ್ತು ಸಲ. ಆದರೆ ಪೆಡಲ್ ಈಗಿನ ಸ್ಥಿತಿಯಲ್ಲಿರುವಾಗ ಇದನ್ನು ಮಾಡಬೇಡಿ. ಹುಬ್ಬಳ್ಳಿ ರಸ್ತೆಗಂತೂ ಇಳಿಸಲೇಬೇಡಿ, ಎದುರಿನ ಟ್ರ್ಯಾಕ್ಟರ್‌ನವನು ನೀವು ಪೆಡಲ್ ಮೂರು ಸಲ ಒತ್ತುವವರೆಗೆ ಕಾಯುವುದಿಲ್ಲ.

ಪ್ರಶ್ನೆ: ಕಳೆದ ವರ್ಷ ತೆರೆದ ಬ್ರೇಕ್ ಆಯಿಲ್ ಡಬ್ಬಿ ಅರ್ಧ ಉಳಿದಿದೆ. ಯಲ್ಲಾಪುರದ ಮೇಲೆ ಅಂಕೋಲಾಕ್ಕೆ ಹೊರಟಿದ್ದೇವೆ, ಅದನ್ನೇ ಹಾಕಬಹುದೇ?
– ಹಾವೇರಿಯ ಓದುಗರು

ಉತ್ತರ: ಬೇಡ. ಡಾಟ್ 3, ಡಾಟ್ 4 ದರ್ಜೆಯ ಬ್ರೇಕ್ ಆಯಿಲ್‌ಗಳು ಗಾಳಿಯ ತೇವ ಹೀರುತ್ತವೆ, ಮಳೆಗಾಲ ದಾಟಿದ ಡಬ್ಬಿ ಅಂದರೆ ಹೇಳಬೇಕಾಗಿಲ್ಲ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು, ಡಾಟ್ 4 ಆದರೆ 230. ಅದರಲ್ಲಿ ಸುಮಾರು 3.7% ನೀರು ಸೇರಿದರೆ ಈ ಮಿತಿ 140 ಮತ್ತು 155ಕ್ಕೆ ಇಳಿಯುತ್ತದೆ. ನಿಮ್ಮ ದಾರಿಯ ಅರಬೈಲ್ ಘಟ್ಟ ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟರೆ ಕ್ಯಾಲಿಪರ್ ಕಾಯುತ್ತದೆ, ಒಳಗಿನ ಆಯಿಲ್ ಕುದಿದು ಆವಿಯಾಗುತ್ತದೆ, ಆವಿ ಕುಗ್ಗುತ್ತದೆ, ಮನೆಯಲ್ಲಿ ಗಟ್ಟಿಯಿದ್ದ ಪೆಡಲ್ ತಿರುವಿನಲ್ಲಿ ನೆಲ ಮುಟ್ಟುತ್ತದೆ. ಸಣ್ಣ ಸೀಲ್ಡ್ ಡಬ್ಬಿ ತನ್ನಿ, ಕಾರಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಯಾವ ಡಾಟ್ ಬರೆದಿದೆಯೋ ಅದೇ. ಡಾಟ್ 5 ಸಿಲಿಕೋನ್ ಜಾತಿ, ಇದರೊಂದಿಗೆ ಬೆರೆಸುವಂತಿಲ್ಲ. ಹೆಸರು ಆಯಿಲ್ ಅಂತ ಎಂಜಿನ್ ಆಯಿಲ್ ಸುರಿದವರನ್ನೂ ನೋಡಿದ್ದೇನೆ, ರಬ್ಬರ್ ಎಲ್ಲ ಉಬ್ಬಿ ಹಾಳಾಗಿತ್ತು. ಪೇಂಟ್ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ. ಮತ್ತೆ, ಘಟ್ಟ ಇಳಿಯುವಾಗ ಎರಡನೇ ಗೇರ್.

ಪ್ರಶ್ನೆ: ಬ್ರೇಕ್ ಒತ್ತಿಕೊಂಡು ಕಾರ್ ಸ್ಟಾರ್ಟ್ ಮಾಡಿದರೆ ಪೆಡಲ್ ತುಸು ಕೆಳಗೆ ಹೋಗುತ್ತದೆ. ಇದೂ ತೊಂದರೆಯೇ?
– ಧಾರವಾಡದ ಓದುಗರು

ಉತ್ತರ: ಅಲ್ಲ, ಹೋಗಲೇಬೇಕು. ಕಾಲಿನ ಒತ್ತಿಗೆ ಬಲ ಸೇರಿಸುವ ಬೂಸ್ಟರ್ ಕೆಲಸ ಮಾಡುತ್ತಿದೆ ಅಂತ ಅರ್ಥ. ಸ್ಟಾರ್ಟ್ ಮಾಡಿದರೂ ಪೆಡಲ್ ಕಲ್ಲಿನ ಹಾಗೆ ನಿಂತಿದ್ದರೆ ಆಗ ಬರೆಯಿರಿ.