ಲೇಔಟ್ ಜಾಗದ ಸಸ್ಯ ಸರ್ವೆಗೆ ಯಾವ ಆ್ಯಪ್ ಒಳ್ಳೆಯದು?

ಬಾಟನಿ ಎಂಎಸ್ಸಿ ಮುಗಿಸಿ ಕನ್ಸಲ್ಟೆನ್ಸಿ ಸೇರಿದ್ದೀರಿ. ದೇವನಹಳ್ಳಿ ಕಡೆಯ ಒಂದು ಲೇಔಟ್ ಜಾಗ, ಏಪ್ರಿಲ್ ತಿಂಗಳು, ಒಂದೇ ಭೇಟಿ. ಗಿಡಗಳನ್ನು ಬೇಗ ಗುರುತಿಸಲು ಆ್ಯಪ್ ಬೇಕು ಅಂತ ಕೇಳಿದ್ದೀರಿ. ನಾನೂ ಇದೇ ಕೆಲಸದಲ್ಲಿ, ಇದೇ ಬಿಸಿಲಲ್ಲಿ ನಿಂತಿದ್ದವನು. ಆ್ಯಪ್ ಆಮೇಲೆ ನೋಡೋಣ. ನಿಮ್ಮ ತೊಂದರೆ ಇರುವುದು ಏಪ್ರಿಲ್‌ನಲ್ಲಿ.

ನನಗೆ ಸಿಕ್ಕಿದ್ದ ಜಾಗ ದೊಡ್ಡಬಳ್ಳಾಪುರ ರಸ್ತೆ ಕಡೆಯದು. ಮೇಲ್ಭಾಗದಲ್ಲಿ ಹಳೇ ನೀಲಗಿರಿ ತೋಪು, ನಡುವೆ ಪಾಳುಬಿದ್ದ ರಾಗಿ ಹೊಲ, ಕೆಳಗಿನ ಮೂಲೆಯಲ್ಲಿ ಒಣ ಹುಲ್ಲು. ಮರಗಳನ್ನು ಚೆನ್ನಾಗಿಯೇ ಎಣಿಸಿದೆ. ಹೊಂಗೆ, ಹುಣಸೆ, ಬೇವು, ಬದುವಿನ ಮೇಲಿನ ಜಾಲಿ, ಎಲ್ಲಕ್ಕೂ ಎದೆಮಟ್ಟದ ಸುತ್ತಳತೆ, ಜಿಪಿಎಸ್, ನಂಬರ್. ಎಲ್ಲರೂ ಕೇಳುವುದು ಮರದ ಲೆಕ್ಕವನ್ನೇ ಅಲ್ವಾ? 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಮರ ಕಡಿಯಲು ಅನುಮತಿ ಕೇಳುತ್ತದೆ. ಹುಲ್ಲಿನ ಬಗ್ಗೆ ಅದಕ್ಕೆ ಚಿಂತೆಯಿಲ್ಲ. ಆದರೂ ಪಾಠದಲ್ಲಿ ಕಲಿತಂತೆ ಕುರುಚಲಿಗೆ 5 ಮೀಟರ್ ಚೌಕ, ಸಣ್ಣ ಗಿಡಗಳಿಗೆ 1 ಮೀಟರ್ ಚೌಕ ಹಾಕಿ ಒಳಗಿನ ಗಿಡ ಎಣಿಸಿದೆ. ಕೆಳಗಿನ ಮೂಲೆಯ ಚೌಕಗಳಲ್ಲಿ ಸಿಕ್ಕಿದ್ದು ಪಾರ್ಥೇನಿಯಂ ಕಡ್ಡಿ, ಒಂದಿಷ್ಟು ಗರಿಕೆ. ‘ಬೀಳು ಜಮೀನು, ವಿಶೇಷ ಸಸ್ಯಗಳಿಲ್ಲ’ ಅಂತ ವರದಿಯಲ್ಲಿ ಬರೆದೆ.

ಇದನ್ನು ಬಿಡಿಸಿ ಹೇಳಬೇಕು. ಯಾಕೆಂದರೆ ನೀವೂ ಇದನ್ನೇ ಬರೆಯುವ ಹಾದಿಯಲ್ಲಿದ್ದೀರಿ. ಏಪ್ರಿಲ್‌ನಲ್ಲಿ ನನಗೆ ಏನೂ ಕಾಣಲಿಲ್ಲ ಅಷ್ಟೇ. ಇಲ್ಲ ಅಂತ ಹೇಳುವ ಆಧಾರ ನನ್ನ ಹತ್ತಿರ ಇರಲಿಲ್ಲ. ನಮ್ಮ ಬೆಂಗಳೂರು ಸುತ್ತಮುತ್ತ ನೆಲಮಟ್ಟದ ಗಿಡಗಳಲ್ಲಿ ಹೆಚ್ಚಿನವು ಮಳೆ ಬಿದ್ದ ಮೇಲೆ ಹುಟ್ಟಿ, ಬೇಸಿಗೆಗೆ ಮೊದಲು ಬೀಜ ಉದುರಿಸಿ ಹೋಗುತ್ತವೆ. ಒದ್ದೆ ನೆಲದ ಸಣ್ಣ ಗಿಡಗಳಾದ ಎರಿಯೊಕಾಲಾನ್, ಯೂಟ್ರಿಕ್ಯುಲೇರಿಯಾ, ಹುಳ ಹಿಡಿಯುವ ಡ್ರೊಸೆರಾ ಎಲ್ಲ ಹೀಗೆಯೇ. ಹ್ಯಾಬೆನೇರಿಯಾ ಜಾತಿಯ ನೆಲದ ಆರ್ಕಿಡ್‌ಗಳು ಬೇಸಿಗೆಯಲ್ಲಿ ಬರೀ ಗಡ್ಡೆಯಾಗಿ ಮಣ್ಣೊಳಗೆ ಇರುತ್ತವೆ. ಎಷ್ಟು ಚೌಕ ಹಾಕಿದರೂ ಏಪ್ರಿಲ್‌ನಲ್ಲಿ ಇವು ಸಿಗುವುದಿಲ್ಲ.

ಸುಳಿವುಗಳಂತೂ ಇದ್ದವು. ಸುತ್ತಲೂ ಕೆಂಪು ಮಣ್ಣು, ಆ ಮೂಲೆಯಲ್ಲಿ ಮಾತ್ರ ಬೂದು ಬಣ್ಣ. ತಿಂಗಳುಗಟ್ಟಲೆ ನೀರು ನಿಂತರೆ ಗಾಳಿಯಾಡದೆ ಮಣ್ಣಿನ ಕಬ್ಬಿಣ ತನ್ನ ಕೆಂಪು ಕಳೆದುಕೊಳ್ಳುತ್ತದೆ. ನೆಲ ಒಣಗಿ ಬಿರುಕು ಬಿಟ್ಟಿತ್ತು. ಬಿಳಿಚಿದ ಬಸವನಹುಳದ ಚಿಪ್ಪುಗಳಿದ್ದವು. ಒಣಗಿದ ಬುಡಗಳನ್ನು ಬೆರಳಲ್ಲಿ ಹೊರಳಿಸಿ ನೋಡಿದ್ದರೂ ಸಾಕಿತ್ತು. ಹುಲ್ಲಿನ ಕಾಂಡ ಸಾಮಾನ್ಯವಾಗಿ ದುಂಡಗಿರುತ್ತದೆ, ಹುಲ್ಲಿನಂತೆಯೇ ಕಾಣುವ, ಹೆಚ್ಚಾಗಿ ಒದ್ದೆ ನೆಲದಲ್ಲಿ ಬೆಳೆಯುವ ಜೇಕಿನದು ಹೆಚ್ಚಾಗಿ ಮೂರು ಮೂಲೆ. ಹಸುವಿಗೆ ಮೇವು ಹೊತ್ತುಕೊಂಡು ಹೋಗುತ್ತಿದ್ದ ಊರಿನ ಅಮ್ಮ ಒಬ್ಬರು ತಾವಾಗಿಯೇ ನಿಂತು, “ದೀಪಾವಳಿ ತನಕ ಇಲ್ಲಿ ನೀರು ನಿಂತಿರುತ್ತೆ ಸಾರ್” ಅಂದರು. ಫಾರಂನಲ್ಲಿ ಆ ಮಾತಿಗೆ ಕಾಲಂ ಇರಲಿಲ್ಲ. ನಾನು ಬರೆದುಕೊಳ್ಳಲಿಲ್ಲ.

ನನ್ನ ನಕ್ಷೆಯಲ್ಲಿ ಆ ಮೂಲೆ ಖಾಲಿ ಇತ್ತು. ಆರ್ಕಿಟೆಕ್ಟ್ ಅಲ್ಲೇ ಕ್ಲಬ್‌ಹೌಸ್ ಇಟ್ಟರು. ಮಳೆಗೆ ಮೊದಲೇ ಮಣ್ಣು ತುಂಬಿಸಿದರು. ಸೆಪ್ಟೆಂಬರ್ ಮಳೆಗೆ ಪಾಯದ ಗುಂಡಿ ತುಂಬಿತು, ಉಳಿದ ನೀರು ಪಕ್ಕದವರ ರಾಗಿ ಹೊಲಕ್ಕೆ ನುಗ್ಗಿತು. ಪ್ಲ್ಯಾನ್ ಮತ್ತೆ ಬರೆಯಬೇಕಾಯಿತು, ನನ್ನ ಕೆಲಸ ಹೋಯಿತು. ಆಗ ಅಲ್ಲಿಗೆ ಹೋದಾಗ ಬೇಲಿ ಪಕ್ಕ ಮಣ್ಣು ಬೀಳದ ಒಂದು ಸಣ್ಣ ಪಟ್ಟಿ ಉಳಿದಿತ್ತು. ಅದರ ತುಂಬ ಡ್ರೊಸೆರಾ. ಮಿಕ್ಕಿದ್ದೆಲ್ಲ ಮಣ್ಣಿನ ಕೆಳಗೆ ಹೋಗಿತ್ತು. ಕೆಲಸ ಇನ್ನೊಂದು ಸಿಕ್ಕಿತು, ಆದರೆ ಆ ಜಾಗ ಮತ್ತೆ ಆಗಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಒಂದೇ ಭೇಟಿಯ ಸರ್ವೆ ಸರ್ವೆಯಲ್ಲ. ಮರಗಳಿಗೆ ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯದು, ಮುತ್ತುಗ, ಹೊಂಗೆ ಎಲ್ಲ ಹೂ ಬಿಡುವ ಸಮಯ. ನೆಲದ ಗಿಡಗಳಿಗೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹೋಗಲೇಬೇಕು. ಇಐಎ (ಪರಿಸರ ಪರಿಣಾಮ ಅಧ್ಯಯನ) ವರದಿಗೆ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಾಕು ಅಂತ ನಿಮ್ಮ ಬಾಸ್ ಹೇಳಬಹುದು. ಗಾಳಿಯ ಧೂಳು ಅಳೆಯಲು ಆ ನಿಯಮ ಸರಿ, ಮಳೆ ಬಂದರೆ ಧೂಳು ಕೂರುತ್ತದೆ. ಸಸ್ಯಗಳಿಗೆ ಅದು ಪೂರ್ತಿ ಉಲ್ಟಾ. ಇನ್ನೊಂದು, ಲೇಔಟ್ ಡ್ರಾಯಿಂಗ್ ಆದ ಮೇಲೆ ಸರ್ವೆಗೆ ಕಳಿಸಿದರೆ ಸುಮ್ನೆ ಸಹಿಗೆ ಕಳಿಸಿದ ಹಾಗೆ. ಗೆರೆ ಎಳೆಯುವ ಮೊದಲು ನಿಮ್ಮ ನಕ್ಷೆ ಅವರ ಮೇಜಿನ ಮೇಲಿರಬೇಕು.

ಏಪ್ರಿಲ್‌ನಲ್ಲೇ ಹೋಗಬೇಕಾದರೆ ಹೊರಡುವ ಮೊದಲು ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಸೆಪ್ಟೆಂಬರ್, ಅಕ್ಟೋಬರ್ ಚಿತ್ರಗಳನ್ನು ನೋಡಿ. ನೀರು ನಿಲ್ಲುವ ಕಡೆ ಗಾಢ ಹಸಿರು ಕಾಣುತ್ತದೆ. ಗ್ರಾಮ ನಕ್ಷೆಯಲ್ಲಿ ಹಳ್ಳ, ಕಾಲುವೆ ಎಲ್ಲಿವೆ ನೋಡಿ. ಪಹಣಿಯಲ್ಲಿ ಖರಾಬು (ಸಾಗುವಳಿಗೆ ಬಾರದ ಜಾಗ) ಅಂತ ಬರೆದಿದ್ದರೆ ಯಾಕೆ ಅಂತ ಕೇಳಿ. ಬಿ ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ, ಎಷ್ಟೋ ಕಡೆ ಹಳ್ಳವೋ ಕಾಲುವೆಯೋ ಆಗಿರುತ್ತದೆ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಸಿಗುತ್ತದೆ. ಗಿಡ ಗುರುತಿಸುವ ಆ್ಯಪ್‌ಗಿಂತ ಈ ಆ್ಯಪ್ ನಿಮಗೆ ಜಾಸ್ತಿ ಉಪಯೋಗ.

ಗಿಡ ಗುರುತಿಸುವ ಆ್ಯಪ್‌ಗಳು ಹೂ ಇರುವ ಗಿಡಕ್ಕೆ ಪರವಾಗಿಲ್ಲ. ಜೇಕು, ಹುಲ್ಲುಗಳ ವಿಷಯದಲ್ಲಿ ನಂಬಬೇಡಿ. ಅವುಗಳ ಗುರುತು ಇರುವುದು ಸಣ್ಣ ತೆನೆಯಲ್ಲಿ, ಫೋನ್ ಫೋಟೋದಲ್ಲಿ ಅದು ಸರಿಯಾಗಿ ಕಾಣುವುದಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಕೊಳ್ಳಿ. ಮಾದರಿಯನ್ನು ಪೇಪರ್‌ನಲ್ಲಿ ಒತ್ತಿ ಒಣಗಿಸಿ, ಭಾರತೀಯ ವಿಜ್ಞಾನ ಸಂಸ್ಥೆಯ ಜೆಸಿಬಿ ಹರ್ಬೇರಿಯಂನ (ಒಣಗಿಸಿದ ಸಸ್ಯ ಮಾದರಿಗಳ ಸಂಗ್ರಹ) ಹಾಳೆಗಳ ಜೊತೆ ಹೋಲಿಸಿ. ಬೆಂಗಳೂರಲ್ಲಿದ್ದುಕೊಂಡು ಈ ಅನುಕೂಲ ಬಿಡಬಾರದು.

‘ಹುಲ್ಲು ತಾನೇ, ಬದಲಿಗೆ ಸಸಿ ನೆಡ್ತೀವಿ’ ಅನ್ನುವ ಮಾತು ಬಂದೇ ಬರುತ್ತದೆ. ಒಪ್ಪಬೇಡಿ. ಹೆಸರಘಟ್ಟದ ಹುಲ್ಲುಗಾವಲನ್ನೂ ಖಾಲಿ ಜಾಗ ಅಂತಲೇ ನೋಡಿ ಫಿಲ್ಮ್ ಸಿಟಿ ಕಟ್ಟಲು ಹೊರಟಿದ್ದರು. ಚಳಿಗಾಲಕ್ಕೆ ಅಲ್ಲಿಗೆ ಬರುವ ಹ್ಯಾರಿಯರ್ ಹಕ್ಕಿಗಳಿಗೆ ಬೇಕಾಗಿರುವುದು ಬಯಲು ಹುಲ್ಲು. ಅಲ್ಲಿ ಮರ ನೆಟ್ಟರೆ ಅದೂ ಹಾಳು ಮಾಡಿದಂತೆಯೇ.

ಎರಡನೇ ಭೇಟಿಗೆ ದುಡ್ಡಿಲ್ಲ ಅಂದರೆ ವರದಿಯ ಮೊದಲ ಪುಟದಲ್ಲೇ ಸರ್ವೆ ಮಾಡಿದ ದಿನಾಂಕ ಹಾಕಿ. ಅದರ ಕೆಳಗೆ ‘ಮಳೆಗಾಲದ ಸಸ್ಯಗಳನ್ನು ನೋಡಿಲ್ಲ, ಕೆಳಗಿನ ಮೂಲೆಯನ್ನು ಸೆಪ್ಟೆಂಬರ್‌ನಲ್ಲಿ ನೋಡುವವರೆಗೆ ಅಲ್ಲಿ ಏನೂ ಕಟ್ಟಬಾರದು’ ಅಂತ ಬರೆಯಿರಿ. ಆ ಸಾಲು ತೆಗೆಯಿರಿ ಅಂದರೆ ಸಹಿ ಹಾಕಬೇಡಿ.