ಆದಾಯ ಪ್ರಮಾಣ ಪತ್ರ ಬರುವ ತನಕ ಕಾಯಬೇಡಿ

ಪ್ರಮಾಣ ಪತ್ರ ಬಂದ ಮೇಲೆಯೇ ಕಾಲೇಜಿಗೆ ಅರ್ಜಿ ಹಾಕುತ್ತೇನೆ, ತಡವಾದದ್ದಕ್ಕೆ ಪ್ರಿನ್ಸಿಪಾಲರಿಗೆ ಕ್ಷಮಾಪಣೆ ಪತ್ರ ಹೇಗೆ ಬರೆಯಲಿ ಅಂತ ಕೇಳಿದ್ದೀರಿ. ಆ ಪತ್ರವೇ ಬೇಡ. 2018ರಲ್ಲಿ ನಾನೂ ಹೀಗೇ ಪ್ರಮಾಣ ಪತ್ರಕ್ಕೆ ಕಾದು ಕೂತಿದ್ದೆ.

ನಮ್ಮ ಮನೆ ಭಾಗಮಂಡಲದಿಂದ ಇನ್ನೂ ಒಳಗೆ. ಜುಲೈ ಮಳೆ, ಸಂಗಮ ಮುಳುಗಿ ನಾಪೋಕ್ಲು ರಸ್ತೆ ಮೇಲೆ ನೀರು, ವಾರಗಟ್ಟಲೆ ಕರೆಂಟಿಲ್ಲ. ನಾಡಕಚೇರಿಯಲ್ಲಿ ಜೂನ್‌ನಲ್ಲೇ ಅರ್ಜಿ ಕೊಟ್ಟಿದ್ದೆ, ಸ್ವೀಕೃತಿ ಚೀಟಿಯೂ ಕೈಗೆ ಬಂದಿತ್ತು. ಮಂಗಳೂರಿನ ಕಾಲೇಜೊಂದಕ್ಕೆ ಎಂಎಸ್ಸಿಗೆ ಹಾಕಬೇಕಿತ್ತು, ಶುಕ್ರವಾರ ಕೊನೇ ದಿನ. ಅಂಕಪಟ್ಟಿ, ಟಿಸಿ, ಜಾತಿ ಪ್ರಮಾಣ ಪತ್ರ ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ತಯಾರಿತ್ತು. ಒಂದು ಕಾಗದ ಕಡಿಮೆ ಇದ್ದರೆ ಅರ್ಜಿಯನ್ನೇ ತಳ್ಳಿಹಾಕುತ್ತಾರೆ ಅಂದುಕೊಂಡು ಕೂತೆ.

ಪ್ರಮಾಣ ಪತ್ರ ಸಿಕ್ಕಿದ್ದು ಸೋಮವಾರ. ಮಂಗಳವಾರ ಮೊದಲ ಬಸ್ಸಿಗೆ ಹೊರಟು, ಸಂಪಾಜೆ ಘಾಟಿ ಇಳಿದು, ಮಳೆಯ ಕಷ್ಟವನ್ನೆಲ್ಲ ಬರೆದ ಎರಡು ಪುಟದ ಪತ್ರದ ಸಮೇತ ಕಚೇರಿಯಲ್ಲಿ ನಿಂತೆ. ಅಲ್ಲಿದ್ದ ಮೇಡಂ ಅದನ್ನು ಓದಲಿಲ್ಲ. "ನಾಡಕಚೇರಿ ಚೀಟಿ ಇರಲಿಲ್ವಾ?" ಅಂದರು. ಇತ್ತು ಅಂದೆ. "ಅದನ್ನೇ ಲಗತ್ತಿಸಿ ಶುಕ್ರವಾರದೊಳಗೆ ಹಾಕಿದ್ದರೆ ಸಾಕಿತ್ತಲ್ಲಮ್ಮ. ಮುಚ್ಚಳಿಕೆ ಬರೆಸಿಕೊಂಡು ಹದಿನೈದು ದಿನ ಕೊಡ್ತಿದ್ವಿ."

ಆ ಚೀಟಿ ಅಪ್ಪನ ಕಾಫಿ ಲೆಕ್ಕದ ಪುಸ್ತಕದೊಳಗಿತ್ತು. ಅದರಲ್ಲಿ ನನ್ನ ಹೆಸರು, ಅರ್ಜಿ ಸಂಖ್ಯೆ, ಕೊಟ್ಟ ತಾರೀಖು ಎಲ್ಲ ಇತ್ತು. ನಾನು ಹೊತ್ತಿಗೆ ಮುಂಚೆಯೇ ಕೇಳಿದ್ದೆ ಅನ್ನುವುದಕ್ಕೆ ಸರ್ಕಾರವೇ ಕೊಟ್ಟ ಸಾಕ್ಷಿ ಅದು. ಅರ್ಜಿ ಒಳಗೆ ಬಂದಿದ್ದರೆ ತಡವಾದ ಕಾಗದವನ್ನು ಆ ಫೈಲಿಗೆ ಸೇರಿಸಬಹುದು. ಅರ್ಜಿಯೇ ಇಲ್ಲದಿದ್ದರೆ ಸೇರಿಸುವುದು ಯಾವ ಫೈಲಿಗೆ? ಎಷ್ಟೋ ದಿನ ಮಳೆಯನ್ನು ದೂರಿದೆ. ಗುರುವಾರ ಮಡಿಕೇರಿಗೆ ಬಸ್ಸಿತ್ತು, ನಾನೇ ಹತ್ತಲಿಲ್ಲ. ಒಂದು ವರ್ಷ ಹೋಯಿತು.

ಆದ್ದರಿಂದ ಇವತ್ತೇ ಹಾಕಿ. ಚೀಟಿಯ ಪ್ರತಿ ಲಗತ್ತಿಸಿ, ಉಳಿದ ಕಾಗದ ಯಾವ ತಾರೀಖಿನೊಳಗೆ, ಯಾರ ಕೈಗೆ ಕೊಡಬೇಕು ಅಂತ ಕಚೇರಿಗೆ ಫೋನ್ ಮಾಡಿ ಕೇಳಿ, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಅದಕ್ಕೂ ಮೊದಲು ಬೀರು ಹುಡುಕಿ: ಆದಾಯ ಪ್ರಮಾಣ ಪತ್ರ 5 ವರ್ಷ ನಡೆಯುತ್ತದೆ, ಪಿಯುಸಿ ಸ್ಕಾಲರ್‌ಶಿಪ್ಪಿಗೆ ಮಾಡಿಸಿದ್ದು ಇನ್ನೂ ಚಾಲ್ತಿಯಲ್ಲಿರಬಹುದು. ಸಿಇಟಿ ಮಾತ್ರ ಬೇರೆ, ಅಲ್ಲಿ ಪ್ರಮಾಣ ಪತ್ರದ ಮೇಲೆ ಅಚ್ಚಾಗಿರುವ ಆರ್‌ಡಿ ಸಂಖ್ಯೆಯನ್ನೇ ಅರ್ಜಿಯಲ್ಲಿ ತುಂಬಬೇಕು.

ನೀವು ಶ್ರೀಮಂಗಲದವರು ಅಂದಿದ್ದೀರಿ, ನಾಡಕಚೇರಿ ಅಲ್ಲೇ ಇದೆ. ಚೀಟಿ ಕಳೆದಿದ್ದರೆ ನಾಳೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ಅರ್ಜಿ ಸಂಖ್ಯೆ ಬರೆಸಿಕೊಂಡು ಬನ್ನಿ.