ಝೂಮ್‌ನಲ್ಲಷ್ಟೇ ಸೇರುವ ಕ್ರೈಸ್ತ ವಿಶ್ವಾಸಿಗಳಲ್ಲಿ ನಿಜವಾದ ಅನ್ಯೋನ್ಯತೆ ಬೆಳೆಯುತ್ತದೆಯೇ?

ಬೆಳೆಯುತ್ತದೆ, ಗುಂಪು ಚಿಕ್ಕದಿದ್ದರೆ. ಹನ್ನೆರಡು ಜನ ದಾಟಿದರೆ ಮಾತಾಡುವವರು ಮೂವರೇ. ಉಳಿದವರು ಮ್ಯೂಟ್‌ನಲ್ಲಿ ಕೂತು 'ಆಮೆನ್' ಟೈಪ್ ಮಾಡುತ್ತಾರೆ. ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಮೀಟಿಂಗ್ ನಿಲ್ಲುತ್ತದೆ. ಹಾಗಾಗಿ ವಾಕ್ಯಧ್ಯಾನ (ಬೈಬಲ್ ಓದಿ ಧ್ಯಾನಿಸುವುದು) 15 ನಿಮಿಷಕ್ಕೆ ಮುಗಿಸಿ, ಮಿಕ್ಕಿದ್ದನ್ನು ಪ್ರಾರ್ಥನಾ ವಿಷಯಗಳಿಗೆ ಬಿಡಿ. ಅವನ್ನು ಒಬ್ಬರು ಬರೆದಿಟ್ಟುಕೊಂಡು ಮುಂದಿನ ವಾರ ಮರೆಯದೆ ಕೇಳಬೇಕು: "ಅಮ್ಮನ ಆಪರೇಷನ್ ಏನಾಯ್ತು ಸಿಸ್ಟರ್?" ಹೆಚ್ಚಿನ ಗುಂಪುಗಳು ಸೊರಗುವುದು ಈ ವಿಚಾರಣೆ ಇಲ್ಲದೆಯೇ. ಎರಡು ವಾರ ಕಾಣದವರಿಗೆ ಗುಂಪಿನಲ್ಲಿ ಮೆಸೇಜ್ ಬೇಡ, ಫೋನ್ ಮಾಡಿ. ಒಬ್ಬರು ತೋಡಿಕೊಂಡ ಕಷ್ಟ ಪ್ರಾರ್ಥನೆಯ ನೆಪದಲ್ಲೂ ಇನ್ನೊಂದು ವಾಟ್ಸಾಪ್ ಗುಂಪಿಗೆ ಹೋಗಬಾರದು. ಯಾರಾದರೂ ಹಣ ಕೇಳಿದರೆ ಅವರ ಸಭಾಪಾಲಕರನ್ನು (ಪಾಸ್ಟರನ್ನು) ವಿಚಾರಿಸಿಯೇ ಕೊಡಿ. ಬೈಬಲಿನ 1 ಯೋಹಾನ 3:18 ಕೇಳುವುದು ಬಾಯಿಮಾತಿನ ಪ್ರೀತಿಯನ್ನಲ್ಲ, ಕ್ರಿಯೆಯನ್ನು. ಕಾಯಿಲೆ ಬಿದ್ದವರ ಮನೆಗೆ ಗಂಜಿ ತಲುಪಿಸಲು ಹತ್ತಿರದವರೇ ಬೇಕು. ಹಾಗಾಗಿ ಊರಿನ ಸಭೆಯನ್ನು (ಚರ್ಚನ್ನು) ಬಿಡಬೇಡಿ.